ಫಾರ್ಟಿ ಸೆವೆನ್

ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ವಾಟ್ಸಾಪಿನಲ್ಲಿ ನೀನು ಕಳಿಸಿದ ಉದ್ದನೆಯ ಕಾಗದ ನಾಲ್ಕು ಸಲ ಓದಿದೆ. ಫೀಸು, ಹಾಸ್ಟೆಲ್ ಊಟ, ನಿಮ್ಮಪ್ಪನ ಕೋಪ, ಅದೆಲ್ಲ ಇರೋದೇ ಬಿಡು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಎರಡು ವರ್ಷವಾದರೂ ಇಲ್ಲಿ ಒಬ್ಬ ಮೇಷ್ಟ್ರಿಗೂ ನನ್ನ ಹೆಸರು ಗೊತ್ತಿಲ್ಲ, ನಾನೊಂದು ಯುಎಸ್‌ಎನ್ ಅಷ್ಟೇ' ಅಂತ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಯುಎಸ್‌ಎನ್ ಅಂದರೆ ಯೂನಿವರ್ಸಿಟಿ ಪ್ರತಿ ವಿದ್ಯಾರ್ಥಿಗೂ ಕೊಡುವ ನಂಬರು ತಾನೇ, ಅದನ್ನು ಕೂತು ಬಿಡಿಸಿ ನೋಡಿದೆ. ಮೊದಲಿನ 1 ಬೆಂಗಳೂರು ವಲಯ. ಆಮೇಲೆ ಕಾಲೇಜಿಗೆ ಎರಡಕ್ಷರ, ಸೇರಿದ ವರ್ಷ, ಬ್ರಾಂಚು, ಕೊನೆಗೆ ಮೂರಂಕಿ. ಒಟ್ಟು ಹತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅದೇ ನಿಮ್ಮ ವಿಟಿಯುಗೆ, ಅಷ್ಟು ಸಾಕು. ತಪ್ಪೇನೂ ಇಲ್ಲ, ಲಕ್ಷಗಟ್ಟಲೆ ಮಕ್ಕಳನ್ನು ಹೇಗೆ ಲೆಕ್ಕ ಇಡೋದು? ಆದರೆ ಕ್ಲಾಸಿನಲ್ಲೂ ಅದೇ ಆದರೆ?

'ಅದನ್ನೆಲ್ಲ ಯೋಚಿಸಬೇಡ, ಓದು' ಅಂತ ಬರೆಯಲು ಹೊರಟಿದ್ದೆ. ಕೈ ಬರಲಿಲ್ಲ. 31 ವರ್ಷ ಮೇಷ್ಟ್ರಾಗಿ ಹಾಜರಿಗೆ ನಾನೂ ನಂಬರು ಕೂಗಿದವನೇ ಅಲ್ವಾ. 80 ಹೆಸರು ಕೂಗುವಷ್ಟರಲ್ಲಿ ಹತ್ತು ನಿಮಿಷ ಹೋಗುತ್ತದೆ ಅನ್ನುವುದು ನನ್ನ ನೆಪ. ರಾಧಾಕೃಷ್ಣನ್ 1921ರಲ್ಲಿ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ಹುಡುಗರೇ ಅವರ ಗಾಡಿ ಎಳೆದುಕೊಂಡು ಮೈಸೂರು ಸ್ಟೇಷನ್ನಿಗೆ ಹೋದ ಕಥೆಯನ್ನು ಪ್ರತಿ ಶಿಕ್ಷಕರ ದಿನಾಚರಣೆಯಲ್ಲೂ ಹೇಳುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಮಾರನೇ ದಿನ ಮತ್ತೆ ನಂಬರು.

ನನ್ನನ್ನೇನೂ ಹಾಗೆ ಬೆಳೆಸಿರಲಿಲ್ಲ. ಪಿಯುಸಿಯಲ್ಲಿ ಲ್ಯಾಬು ಅಂದರೆ ನನಗೆ ನಡುಕ. ಆಗ ಪಿಪೆಟ್ಟಿಗೆ, ಅಂದರೆ ದ್ರವ ಅಳೆಯುವ ಗಾಜಿನ ಕೊಳವೆಗೆ, ಬಾಯಿಟ್ಟೇ ಹೀರಬೇಕಿತ್ತು. ಒಂದು ದಿನ ದ್ರವ ಬಾಯಿಗೆ ಬಂದೇಬಿಟ್ಟಿತು. ಮೇಷ್ಟ್ರು ಬಂದು ಬೆನ್ನು ತಟ್ಟಿ, ಹೆಸರು ಹಿಡಿದು, 'ನಿಧಾನ ಕಣೋ' ಅಂದರು. ನನ್ನ ಹೆಸರು ಅವರಿಗೆ ಹೇಗೆ ಗೊತ್ತಾಯಿತೋ! ನಾನು ಕೆಮಿಸ್ಟ್ರಿ ಹಿಡಿದದ್ದು ಅವತ್ತಿನಿಂದ. ವಿಷಯದ ಮೇಲಿನ ಪ್ರೀತಿ ಆಮೇಲೆ ಬಂತು.

2014ರಲ್ಲಿ ಅಮೆರಿಕದಲ್ಲಿ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆಯವರೂ ಪರ್ಡೂ ವಿಶ್ವವಿದ್ಯಾಲಯದವರೂ ಸೇರಿ 30,000ಕ್ಕೂ ಜಾಸ್ತಿ ಪದವೀಧರರನ್ನು ವಿಚಾರಿಸಿದ್ದರು. ಮುಂದೆ ಮನಸ್ಸಿಟ್ಟು ಕೆಲಸ ಮಾಡುವುದಕ್ಕೂ, ಓದಿದ್ದು ಸರ್ಕಾರಿ ಕಾಲೇಜೋ ಖಾಸಗಿಯೋ ಅನ್ನುವುದಕ್ಕೂ ಹೆಚ್ಚು ಸಂಬಂಧ ಕಾಣಲಿಲ್ಲ. ಕಲಿಕೆಯಲ್ಲಿ ಹುರುಪು ತಂದ ಮೇಷ್ಟ್ರು, ತನ್ನ ಮೇಲೆ ಕಾಳಜಿ ಇಟ್ಟ ಮೇಷ್ಟ್ರು, ಕನಸಿಗೆ ಬೆನ್ನು ತಟ್ಟಿದ ಹಿರಿಯರು ಇದ್ದರಾ ಅನ್ನುವುದೇ ದೊಡ್ಡದಾಗಿತ್ತು. ಮೂರೂ ಸಿಕ್ಕಿದ್ದವು ಅಂದವರು 100ಕ್ಕೆ 14 ಜನ. ಇದನ್ನು ಬರೆದು ನಿನ್ನ ಹೆದರಿಕೆ ಇನ್ನೂ ಜಾಸ್ತಿ ಮಾಡಿದೆನೇನೋ. ನೀನೊಬ್ಬಳೇ ಅಲ್ಲ ಅಂತ ಹೇಳಬೇಕಿತ್ತು, ಅಷ್ಟೇ.

ಮೆಂಟರ್ ಅಂತ ನಿನ್ನನ್ನು ನೋಡಿಕೊಳ್ಳಲು ಒಬ್ಬ ಮೇಷ್ಟ್ರನ್ನು ಕೊಟ್ಟಿರುತ್ತಾರಲ್ಲ, ಅವರ ಹತ್ತಿರ ಬರೀ ಸಹಿಗೆ ಹೋಗಬೇಡ, ಒಂದು ಪ್ರಶ್ನೆ ತಗೊಂಡು ಹೋಗು. ಹೆಸರು ನೀನೇ ಹೇಳು. ಹೇಳೋದು ಸುಲಭ, ಗೊತ್ತು. ನೀನು ಮೊದಲಿನಿಂದಲೂ ಬಾಗಿಲ ಹಿಂದೆ ನಿಲ್ಲುವವಳು. ಆದರೆ ಮೇಷ್ಟ್ರುಗಳಿಗೂ ಸಂಕೋಚ ಇರುತ್ತದೆ ಪುಟ್ಟಿ. ಎರಡು ವರ್ಷ ಆದಮೇಲೆ 'ನಿನ್ನ ಹೆಸರೇನಮ್ಮ' ಅನ್ನಲು ನಾಚಿಕೆ.

ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಕೈಯಿಂದ ಚೀಲ ತೆಗೆದುಕೊಂಡು ಬಸ್ಸಿನೊಳಗೆ ಇಟ್ಟುಕೊಟ್ಟ. 'ಗುರುತು ಸಿಕ್ತಾ ಸಾರ್?' ಅಂದ. ನಾನು ಸುಮ್ನೆ ನಕ್ಕೆ. 'ಫಾರ್ಟಿ ಸೆವೆನ್ ಸಾರ್' ಅಂದ. ನೆನಪಾಯಿತು. ಎರಡನೇ ವರ್ಷದ ಮಧ್ಯೆ ಬರುವುದು ಬಿಟ್ಟ ಹುಡುಗ. ವರ್ಷ ಮುಗಿಯುವವರೆಗೂ ಅವನ ಮುಂದೆ 'ಎ' ಹಾಕುತ್ತಾ ಹೋಗಿದ್ದೆ, ಯಾಕೆ ಬರುತ್ತಿಲ್ಲ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಕಂಡಕ್ಟರ್ ಸೀಟಿ ಊದಿದ, ಅವನು ಇಳಿದುಹೋದ. ಅವತ್ತೂ ಹೆಸರು ಕೇಳಲಿಲ್ಲ.

ದೊಡ್ಡಮ್ಮ ಚಕ್ಕುಲಿ ಕಳಿಸುತ್ತಿದ್ದಾಳೆ. ನಿನ್ನ ಮೆಂಟರ್ ಹೆಸರೇನು ಅಂತ ಮುಂದಿನ ಸಲ ಬರೆ.

ನಿನ್ನ ದೊಡ್ಡಪ್ಪ