ಬಸು, ಅಳಿಯನ ಜೊತೆ ಕೂತು ಮೊರಿಬಿತೊ ನೋಡು

ಪ್ರೀತಿಯ ಬಸು,

ಅಕ್ಕನ ಮಗ ಆರನೇ ಕ್ಲಾಸಿಗೆ ಅಂತ ಧಾರವಾಡಕ್ಕೆ ಬಂದು ನಿಮ್ಮ ಮನೆ ಸೇರಿದ್ದಾನೆ, ಕರೆದರೆ ಬರುತ್ತಾನೆ, ಕೇಳಿದರೆ ಹೂಂ ಅನ್ನುತ್ತಾನೆ, ಉಳಿದ ಹೊತ್ತೆಲ್ಲ ಮೊಬೈಲಿನಲ್ಲಿ ಜಪಾನಿ ಕಾರ್ಟೂನು ಅಂತ ಬರೆದಿದ್ದೀಯ. ಅದರಲ್ಲೇ ಏನಾದರೂ ಒಳ್ಳೆಯದಿದ್ದರೆ ಹೇಳು, ಅವನ ಪಕ್ಕ ಕೂತು ನಾನೂ ನೋಡುತ್ತೇನೆ ಅಂತ ಕೇಳಿದ್ದೀಯ. ಇದೆ ಬಸು. ಹೇಳುವುದಷ್ಟೇ ಅಲ್ಲ, ಕಳಿಸುತ್ತಲೇ ಇದ್ದೇನೆ. ನನ್ನ ಹತ್ತಿರ ಇರುವ ‘ಮೊರಿಬಿತೊ’ ಅನ್ನುವ ಜಪಾನಿ ಕಾರ್ಟೂನ್ ಸರಣಿಯ ಬ್ಲೂ-ರೇ ಡಿಸ್ಕಿನ ಸೆಟ್ಟು ಈ ಶನಿವಾರ ನಿನ್ನ ಕೈ ಸೇರುತ್ತದೆ. ಒಟ್ಟು 26 ಕಂತು. ಒಂದೊಂದೂ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ.

ನಿನಗೇ ಯಾಕೆ ಇದನ್ನೇ ಆರಿಸಿದೆ ಅಂತ ಹೇಳುತ್ತೇನೆ, ಕೇಳು.

ಕತೆ ಶುರುವಾಗುವಾಗ ಬಾಲ್ಸಾ ಅನ್ನುವ ಹೆಂಗಸು ಈಟಿ ಹೆಗಲಿಗಿಟ್ಟುಕೊಂಡು ನಡೆದು ಬರುತ್ತಿರುತ್ತಾಳೆ. ವಯಸ್ಸು ಮೂವತ್ತು. ಕಂಬಾಲ್ ಅನ್ನುವ ಬೆಟ್ಟದ ನಾಡಿನವಳು. ದುಡ್ಡು ಕೊಟ್ಟವರ ಜೀವ ಕಾಯುವುದು ಅವಳ ಕಸುಬು. ಹೊಸ ಯೋಗೊ ಅನ್ನುವ ರಾಜ್ಯಕ್ಕೆ ಬಂದಾಗ, ಸೇತುವೆ ಮೇಲೆ ಹೋಗುತ್ತಿದ್ದ ಅರಮನೆಯ ಗಾಡಿಯ ಎತ್ತು ಬೆದರಿ, ಒಳಗಿದ್ದ ಹುಡುಗ ಹೊಳೆಗೆ ಬೀಳುತ್ತಾನೆ. ಇವಳು ಹಿಂದೆ ಮುಂದೆ ನೋಡದೆ ಧುಮುಕುತ್ತಾಳೆ. ಆ ಹುಡುಗ ಚಾಗುಮ್, ರಾಜನ ಎರಡನೇ ಮಗ. ಹನ್ನೊಂದು ವರ್ಷ, ನಿನ್ನ ಅಳಿಯನ ವಯಸ್ಸೇ.

ಉಪಕಾರಕ್ಕೆ ಉಡುಗೊರೆ ಅಂತ ಅವಳನ್ನು ಅರಮನೆಗೆ ಕರೆಸುತ್ತಾರೆ. ರಾತ್ರಿ ಹುಡುಗನ ತಾಯಿ, ಎರಡನೇ ರಾಣಿ, ಗುಟ್ಟಾಗಿ ಬಂದು ನಿಜ ಸಂಗತಿ ಹೇಳುತ್ತಾಳೆ. ಮಗನ ಮೈಯೊಳಗೆ ಏನೋ ಸೇರಿಕೊಂಡಿದೆ, ಅದು ನೀರಿನ ಭೂತ ಅಂತ ಅರಮನೆಯವರು ತೀರ್ಮಾನಿಸಿದ್ದಾರೆ, ರಾಜವಂಶಕ್ಕೆ ಕಳಂಕ ಅಂತ ಹೆತ್ತ ಅಪ್ಪನೇ ಕೊಲ್ಲಿಸಲು ಹೊರಟಿದ್ದಾನೆ. ಇವನನ್ನು ಕರೆದುಕೊಂಡು ಹೋಗಿಬಿಡು ಅಂತ ಬೇಡುತ್ತಾಳೆ. ಅಲ್ಲಿಂದ ಮುಂದೆ ತಾಯಿ ಮಗನನ್ನು ಬೀಳ್ಕೊಡುವ ದೃಶ್ಯ ಬರುತ್ತದೆ. ಅದು ಬರುವಾಗ ನೀನು ಹುಡುಗನ ಮುಖ ನೋಡಬೇಡ, ಟಿವಿ ಕಡೆಗೇ ನೋಡುತ್ತಿರು. ನಿಮ್ಮಕ್ಕ ಅವನನ್ನು ನಿಮ್ಮ ಮನೆಯಲ್ಲಿ ಬಿಟ್ಟು ಊರಿನ ಬಸ್ಸು ಹತ್ತಿ ಇನ್ನೂ ತುಂಬಾ ದಿನ ಆಗಿಲ್ಲ.

ಇಂಥ ಕತೆ ಅಂದ ಮೇಲೆ 26 ಕಂತೂ ಕತ್ತಿ ಈಟಿಯ ಕಾದಾಟ ಅಂದುಕೊಳ್ಳುತ್ತಾರೆ ಎಲ್ಲರೂ. ಕಾದಾಟ ಇದೆ. ಮೂರನೇ ಕಂತಿನಲ್ಲಿ ರಾಜನ ಬೇಟೆಗಾರರು ಗದ್ದೆ ಬಯಲಿನಲ್ಲಿ ಅವಳ ಮೇಲೆ ಬೀಳುತ್ತಾರಲ್ಲ, ಅಂಥ ಈಟಿ ಕಾಳಗ ನಾನು ಬೇರೆ ಎಲ್ಲೂ ನೋಡಿಲ್ಲ. ಕಾಲು ಎಲ್ಲಿ ಊರುತ್ತಾಳೆ, ಈಟಿಯ ಹಿಡಿ ಕೈಯೊಳಗೆ ಹೇಗೆ ಜಾರುತ್ತದೆ, ಎಲ್ಲಾ ಕಾಣುತ್ತದೆ. ಅಳಿಯ ಅದನ್ನು ವಾಪಸ್ ತಿರುಗಿಸಿ ನೋಡೋಣ ಅಂದರೆ ಖಂಡಿತ ತಿರುಗಿಸು. ಆದರೆ ಆ ಕಾಳಗದಲ್ಲಿ ಅವಳು ಒಬ್ಬನನ್ನೂ ಕೊಲ್ಲುವುದಿಲ್ಲ. ತಾನೇ ಪೆಟ್ಟು ತಿಂದು ನೆಲ ಹಿಡಿಯುವಷ್ಟಾದರೂ ಕೊಲ್ಲುವುದಿಲ್ಲ. ಯಾಕೆ ಅನ್ನುವುದು ತುಂಬಾ ಕಂತು ಕಳೆದ ಮೇಲೆ ತಿಳಿಯುತ್ತದೆ.

ನನಗೆ ಜಾಸ್ತಿ ಇಷ್ಟ ಅದಾದ ಮೇಲಿನ ಭಾಗ. ಬೆನ್ನು ಹತ್ತಿದವರು ಇವರಿಬ್ಬರೂ ಸತ್ತರು ಅಂತ ನಂಬುವ ಹಾಗೆ ಮಾಡಿ, ಬಾಲ್ಸಾ ಹುಡುಗನನ್ನು ಕರೆದುಕೊಂಡು ಹಳ್ಳಿಯೊಂದರ ನೀರಿನ ಗಿರಣಿ ಇರುವ ಮನೆಯಲ್ಲಿ ಸಂಸಾರ ಹೂಡುತ್ತಾಳೆ. ಕತೆ ಅಲ್ಲಿ ನಿಂತುಬಿಡುತ್ತದೆ. ಕಂತಿನ ಮೇಲೆ ಕಂತು ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಅರಮನೆಯಲ್ಲಿ ಬೆಳೆದ ಹುಡುಗನಿಗೆ ಸಾಮಾನ್ಯ ಜನರ ಜೊತೆ ಮಾತಾಡುವುದೇ ಗೊತ್ತಿಲ್ಲ. ಅವನ ಗ್ರಾಂಥಿಕ ಮಾತು ಕೇಳಿ ತೋಯಾ ಅನ್ನುವ ಬೀದಿ ಹುಡುಗ ಗಾಬರಿಯಾಗುತ್ತಾನೆ. ಈ ತೋಯಾ ಮತ್ತು ಅವನ ಜೊತೆಗಾತಿ ಸಾಯಾ ಅನಾಥರು. ಪೇಟೆಯಲ್ಲಿ ಅವರಿವರ ಕೆಲಸ ಮಾಡಿಕೊಟ್ಟು ಹೊಟ್ಟೆ ಹೊರೆಯುವವರು. ಹಿಂದೊಮ್ಮೆ ಬಾಲ್ಸಾ ಅವರನ್ನು ಕಾಪಾಡಿರುತ್ತಾಳೆ. ಚಾಗುಮ್‌ಗೆ ಲೋಕ ತೋರಿಸುವವರು ಅವರೇ. ಒಂದು ಕಡೆ ದಾಳದಾಟದ ಮೋಸವನ್ನು ಇವನು ಸುಮ್ನೆ ನೋಡುತ್ತಾ ಕೂತು ಕಂಡುಹಿಡಿಯುತ್ತಾನೆ. ಇನ್ನೊಂದು ಕಡೆ ಹಬ್ಬದ ದಿನ ತನಗಿಂತ ದೊಡ್ಡ ಹುಡುಗನ ಎದುರು ಕುಸ್ತಿಗೆ ನಿಲ್ಲುತ್ತಾನೆ. ಬಾಲ್ಸಾ ಅಡ್ಡ ಬರುವುದಿಲ್ಲ. ನೋಡುತ್ತಾ ನಿಲ್ಲುತ್ತಾಳೆ ಅಷ್ಟೇ. ಅವಳ ಮುಖ ಆಗ ಹೇಗಿರುತ್ತದೆ ಅಂತ ಗಮನಿಸು ಬಸು. ಇದನ್ನು ನಿನಗೆ ಕಳಿಸುತ್ತಿರುವುದೇ ಅದಕ್ಕೆ.

ಅವಳು ಅವನ ತಾಯಿಯಲ್ಲ. ತಾಯಿಯಾಗಲು ಹೋಗುವುದೂ ಇಲ್ಲ. ಅಪ್ಪಿ ಮುದ್ದಾಡುವುದು ಅವಳಿಗೆ ಬರುವುದಿಲ್ಲ. ಆದರೆ ಅವನು ಏನಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೆಲಸ ಹೇಳಿಕೊಡುತ್ತಾಳೆ. ಹಸಿವಾಗಿದೆಯಾ ಅಂತ ನೋಡಿಕೊಳ್ಳುತ್ತಾಳೆ. ಹಠ ಮಾಡಿದರೆ ರೇಗುತ್ತಾಳೆ, ಅತ್ತರೆ ಅಳಲು ಬಿಡುತ್ತಾಳೆ. ಅವಳ ಗೆಳೆಯ ಟಾಂಡಾ ಗಿಡಮೂಲಿಕೆ ಔಷಧಿ ಮಾಡುವವನು, ಮೃದು ಮನುಷ್ಯ. ಸೊಪ್ಪು, ಅಣಬೆ ಹಾಕಿ ಅವನು ಮಾಡುವ ಸಾರು ನೋಡಿದರೆ ನಿನಗೇ ಹಸಿವಾಗುತ್ತದೆ. ಈ ಕತೆಯ ಅಡುಗೆಗಳನ್ನೇ ಇಟ್ಟುಕೊಂಡು ಜಪಾನಿನಲ್ಲಿ ಒಂದು ಅಡುಗೆ ಪುಸ್ತಕವೇ ಬಂದಿದೆ. ಊಟ ಮಾಡುತ್ತಾ ನೋಡಿ, ತಪ್ಪಿಲ್ಲ.

ಬರೆದವರ ಬಗ್ಗೆಯೂ ನೀನು ತಿಳಿದಿರಬೇಕು. ಕಾದಂಬರಿ 1996ರದು. ಬರೆದವರು ನಹೋಕೊ ಉಎಹಾಶಿ. ಅವರು ಮಾನವಶಾಸ್ತ್ರ ಓದಿದವರು, ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಹೋಗಿ ಸಂಶೋಧನೆ ಮಾಡಿದವರು. ಬಾಡಿಗೆಗೆ ತಂದ ವಿಡಿಯೋದಲ್ಲಿ ಸಿನಿಮಾ ಶುರುವಾಗುವ ಮುಂಚೆ ಬರುವ ಟ್ರೇಲರಿನಲ್ಲಿ, ಹೊತ್ತಿ ಉರಿಯುವ ಬಸ್ಸಿನಿಂದ ನಡುವಯಸ್ಸಿನ ಹೆಂಗಸೊಬ್ಬಳು ಹುಡುಗನೊಬ್ಬನ ಕೈ ಹಿಡಿದು ಇಳಿಯುವುದನ್ನು ಅವರು ನೋಡಿದರಂತೆ. ಬಾಲ್ಸಾ ಮತ್ತು ಚಾಗುಮ್ ಹುಟ್ಟಿದ್ದು ಅಲ್ಲಿಂದ. ಮಕ್ಕಳ ಪುಸ್ತಕದಲ್ಲಿ ಮೂವತ್ತು ವರ್ಷದ ಹೆಂಗಸನ್ನು ನಾಯಕಿ ಮಾಡುವುದು ಆಗ ದೊಡ್ಡ ಧೈರ್ಯವೇ. 2014ರಲ್ಲಿ ಅವರಿಗೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು. ಮಕ್ಕಳ ಸಾಹಿತ್ಯಕ್ಕೆ ಅದಕ್ಕಿಂತ ದೊಡ್ಡದು ಇಲ್ಲ. ಪುಸ್ತಕವನ್ನು ತೆರೆಗೆ ತಂದದ್ದು ಪ್ರೊಡಕ್ಷನ್ ಐ.ಜಿ. ಸ್ಟುಡಿಯೋ, ನಿರ್ದೇಶಕ ಕೆಂಜಿ ಕಮಿಯಾಮಾ, ಸಂಗೀತ ಕೆಂಜಿ ಕವಾಯಿ. ಜಪಾನಿನ ಎನ್‌ಎಚ್‌ಕೆ ಇದನ್ನು 2007ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಸಾರ ಮಾಡಿತು. ಪುಟ್ಟ ಕಾದಂಬರಿಯೊಂದನ್ನು 26 ಕಂತಿಗೆ ಎಳೆದಿದ್ದಾರೆ ಅಂತ ಕೆಲವರು ಗೊಣಗುತ್ತಾರೆ. ನನಗೆ ಅದು ಎಳೆದದ್ದು ಅನ್ನಿಸಿಯೇ ಇಲ್ಲ. ಹೊರಗಿನವರೊಬ್ಬರನ್ನು ನಂಬಲು ಮಗುವಿಗೆ ಅಷ್ಟು ಹೊತ್ತು ಬೇಕೇ ಬೇಕು.

ಹುಡುಗನ ಮೈಯಲ್ಲಿರುವುದು ಏನು ಅಂತ ಹೇಳಿದರೆ ರಸ ಕೆಡುವುದಿಲ್ಲ, ಬೇಗನೆ ತಿಳಿಯುತ್ತದೆ. ಅದು ಭೂತವಲ್ಲ, ನೀರಿನ ಚೇತನವೊಂದರ ಮೊಟ್ಟೆ. ಆ ಮೊಟ್ಟೆ ಒಡೆದು ಮರಿಯಾದರೆ ಮೋಡ ಬರುತ್ತದೆ, ಮಳೆ ಬರುತ್ತದೆ. ಅದು ಸತ್ತರೆ ಬರಗಾಲ. ಅಂದರೆ ನಾಡನ್ನು ಉಳಿಸುತ್ತೇವೆ ಅಂತ ಅರಮನೆಯವರು ಕೊಲ್ಲಲು ಹೊರಟಿರುವುದು ನಾಡಿನ ಮಳೆಯನ್ನೇ. ಅವರಿಗೆ ಇದು ಯಾಕೆ ಗೊತ್ತಿಲ್ಲ? ಯೋಗೊ ಜನ ಆ ನಾಡಿಗೆ ಹೊರಗಿನಿಂದ ಬಂದವರು. ಅಲ್ಲಿ ಮೊದಲಿನಿಂದ ಇದ್ದವರು ಯಾಕು ಜನ. ನಮ್ಮ ಮೊದಲ ರಾಜ ನೀರಿನ ಭೂತವನ್ನು ಕೊಂದು ರಾಜ್ಯ ಕಟ್ಟಿದ ಅಂತ ಬಂದವರು ತಮಗೆ ಬೇಕಾದ ಹಾಗೆ ಇತಿಹಾಸ ಬರೆದುಕೊಂಡರು. ನಿಜ ಯಾಕುಗಳ ಹತ್ತಿರ ಇತ್ತು. ಆದರೆ ಕಾಲ ಹೋದ ಹಾಗೆ ಅವರ ಮಕ್ಕಳೂ ಹೊಸಬರ ಮಾತು, ಹೊಸಬರ ರೀತಿ ಕಲಿತು ಹಳೆಯದನ್ನು ಮರೆತರು. ಉಳಿದದ್ದು ಹಬ್ಬದ ಒಂದು ಹಾಡು, ಬಾಗಿಲಿಗೆ ಕಟ್ಟುವ ಹಕ್ಕಿಯ ಮೂಳೆ, ಹಳ್ಳಿಯ ಒಬ್ಬ ಹುಡುಗಿಗೆ ಅವಳ ಅಜ್ಜಿ ಹೇಳಿದ ಕತೆ. ಬಾಲ್ಸಾಳ ಕಡೆ ತೊರೊಗಾಯ್ ಅನ್ನುವ ಮಂತ್ರ ಬಲ್ಲ ಮುದುಕಿ ಇದನ್ನೆಲ್ಲ ಹುಡುಕುತ್ತಾಳೆ. ಅರಮನೆಯಲ್ಲಿ ಶುಗಾ ಅನ್ನುವ ಯುವಕ, ನಕ್ಷತ್ರ ನೋಡಿ ಭವಿಷ್ಯ ಹೇಳುವವನು, ಬಚ್ಚಿಟ್ಟ ಹಳೆಯ ಕಲ್ಲು ಹಲಗೆಗಳನ್ನು ಓದುತ್ತಾ ಇರುತ್ತಾನೆ. ಒಬ್ಬರ ಹತ್ತಿರ ಅರ್ಧ, ಇನ್ನೊಬ್ಬರ ಹತ್ತಿರ ಅರ್ಧ.

ನಿಮ್ಮ ಕಡೆ ಮಳೆ ಹೋದಾಗ ಹುಡುಗರು ತಲೆ ಮೇಲೆ ಗುರ್ಜಿ ಹೊತ್ತು ಮನೆ ಮನೆಗೆ ಹೋಗಿ ನೀರು ಹಾಕಿಸಿಕೊಂಡು ಹಾಡುತ್ತಾರಲ್ಲ, ಅಳಿಯ ಊರಲ್ಲಿ ಅದನ್ನು ನೋಡಿರಬಹುದು, ಆಡಿಯೂ ಇರಬಹುದು. ಯಾಕು ಹಳ್ಳಿಯ ಕಂತು ಮುಗಿದ ಮೇಲೆ ಅವನನ್ನೇ ಕೇಳು. ಈ ವಿಷಯದಲ್ಲಿ ನಿನಗಿಂತ ಅವನಿಗೆ ಜಾಸ್ತಿ ಗೊತ್ತಿರುತ್ತದೆ. ಆಗ ಅವನೇ ಮಾತಾಡುತ್ತಾನೆ ನೋಡು.

ಇನ್ನು 21ನೇ ಕಂತು. ಇದಕ್ಕೆ ನೀನು ಸ್ವಲ್ಪ ತಯಾರಾಗಿರಬೇಕು. ಚಳಿಗಾಲ, ಎಲ್ಲರೂ ಗುಹೆಯೊಂದರಲ್ಲಿ ಅಡಗಿರುತ್ತಾರೆ. ಬಾಲ್ಸಾ ತನ್ನ ಬಾಲ್ಯದ ಕತೆ ಹೇಳುತ್ತಾಳೆ. ಅವಳ ಅಪ್ಪ ಕಂಬಾಲಿನ ರಾಜವೈದ್ಯ. ರಾಜನ ತಮ್ಮ ಅವನನ್ನು ಹೆದರಿಸಿ ರಾಜನಿಗೆ ವಿಷ ಹಾಕಿಸುತ್ತಾನೆ. ಆಮೇಲೆ ತನ್ನನ್ನೂ ಮಗಳನ್ನೂ ಉಳಿಸುವುದಿಲ್ಲ ಅಂತ ಅಪ್ಪನಿಗೆ ಗೊತ್ತಿತ್ತು. ಹಾಗಾಗಿ ಆರು ವರ್ಷದ ಮಗಳನ್ನು ಗೆಳೆಯ ಜಿಗುರೊ ಕೈಗೆ ಒಪ್ಪಿಸುತ್ತಾನೆ. ಜಿಗುರೊ ದೇಶದ ದೊಡ್ಡ ಈಟಿಗಾರ. ಮನೆ, ಹೆಸರು, ಎಲ್ಲಾ ಬಿಟ್ಟು ಆ ಮಗುವಿನ ಜೊತೆ ಓಡುತ್ತಾನೆ. ಅವನನ್ನು ಕೊಲ್ಲಲು, ಈಗ ರಾಜನಾದ ಆ ತಮ್ಮ ಕಳಿಸುವುದು ಯಾರನ್ನು? ಅವನ ಜೊತೆ ಕಲಿತ ಗೆಳೆಯರನ್ನೇ. ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಮಗುವನ್ನು ಉಳಿಸಲು ಎಂಟು ಗೆಳೆಯರನ್ನು ಅವನು ತನ್ನ ಕೈಯಾರೆ ಕೊಲ್ಲಬೇಕಾಗುತ್ತದೆ. ತನ್ನಿಂದಾಗಿ ಎಂಟು ಜೀವ ಹೋಯಿತು, ತಾನು ಎಂಟು ಜೀವ ಉಳಿಸುತ್ತೇನೆ ಅಂತ ಬಾಲ್ಸಾ ಹರಕೆ ಹೊತ್ತದ್ದು ಅದಕ್ಕೇ.

ಹುಡುಗಿಯಾಗಿದ್ದಾಗ ಅವಳಿಗೆ ಒಂದೇ ಕೊರಗು. ನನ್ನಿಂದ ಈ ಮನುಷ್ಯನ ಬದುಕು ಹಾಳಾಯಿತು, ನನ್ನನ್ನು ಹೊರೆ ಅಂದುಕೊಂಡಿರುತ್ತಾನೆ ಅಂತ. ನೀನು ಹೊರೆಯಲ್ಲ ಅಂತ ಜಿಗುರೊ ಬಾಯಿ ಬಿಟ್ಟು ಹೇಳಿದವನಲ್ಲ. ಅವನು ಕಾಯಿಲೆಯಿಂದ ತೀರಿಹೋದ ಎಷ್ಟೋ ವರ್ಷದ ಮೇಲೆ, ಚಾಗುಮ್‌ನನ್ನು ಸಾಕುತ್ತಾ ಸಾಕುತ್ತಾ, ಜಿಗುರೊಗೆ ಆಗ ಏನನ್ನಿಸಿರಬಹುದು ಅಂತ ಇವಳಿಗೆ ತಿಳಿಯುತ್ತದೆ. ನೀನು ಕಾಗದದಲ್ಲಿ ಬರೆದಿದ್ದೆ, ಹುಡುಗ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ, ಹೋಂವರ್ಕಿಗೆ ಬೇಕಾದ ಬಣ್ಣದ ಪೆನ್ಸಿಲ್ ಕೂಡ ಕೇಳುವುದಿಲ್ಲ ಅಂತ. ಸೋದರಮಾವನ ಮನೆಗೆ ತಾನು ಭಾರ ಆದೆ ಅಂತ ಹನ್ನೊಂದು ವರ್ಷದ ಹುಡುಗನಿಗೂ ಅನ್ನಿಸುತ್ತದೆ ಬಸು. ಜಿಗುರೊ ಹೇಳದೆ ಉಳಿಸಿದ್ದನ್ನು ನೀನು ಅವನಿಗೆ ಹೇಳಬಹುದು. ಆ ಕಂತಿನ ದಿನವೇ ಆಗಬೇಕೆಂದಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತ ಹೇಳುವುದಿಲ್ಲ. ಅರಮನೆಯ ಚರ್ಚೆಗಳು ಕೆಲವು ಕಡೆ ಉದ್ದವಾದವು. ಮೊಟ್ಟೆಯನ್ನು ತಿನ್ನಲು ಕೊನೆಯಲ್ಲಿ ಬರುವ ರಾರುಂಗಾ ಅನ್ನುವ ಪ್ರಾಣಿ ನನಗೆ ಅಷ್ಟು ಹಿಡಿಸಲಿಲ್ಲ, ಗದ್ದೆಯ ಕಾಳಗದ ಮುಂದೆ ಅದು ಏನೂ ಅಲ್ಲ. ಆದರೆ ಕಮ್ಮಾರನ ಮನೆಯ ಕಂತು ಒಂದಿದೆ, ಎಂಟನೆಯದು. ಬಾಲ್ಸಾಳ ಬೆನ್ನು ಹತ್ತಿದವರೇ ಅಲ್ಲಿಗೆ ಬಂದು ಕೂರುತ್ತಾರೆ, ಅವಳು ಮರೆಯಲ್ಲಿ ಕೂತು ಕೇಳುತ್ತಾಳೆ. ಇಡೀ ಕಂತು ಬರೀ ಮಾತು, ಕತ್ತಿ ಒರೆಯಿಂದ ಆಚೆ ಬರುವುದಿಲ್ಲ. ನಾನು ಉಸಿರು ಬಿಗಿ ಹಿಡಿದು ನೋಡಿದ್ದೇನೆ.

ಡಿಸ್ಕಿನ ವಿಷಯ. ಇದು ಅಮೆರಿಕದಲ್ಲಿ ಬಂದ ಸೆಟ್ಟು. ಬ್ಲೂ-ರೇಗೆ ದೇಶಗಳನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿದ್ದಾರೆ. ಅಮೆರಿಕ, ಜಪಾನ್ ಎರಡೂ ಎ, ನಾವು ಸಿ. ಹಾಗಾಗಿ ನಿಮ್ಮೂರಿನ ಅಂಗಡಿಯಲ್ಲಿ ಕೊಂಡ ಪ್ಲೇಯರಿನಲ್ಲಿ ಇದು ಓಡದೇ ಇರಬಹುದು. ಅದಕ್ಕೇ ಎಲ್ಲಾ ವಲಯದ ಡಿಸ್ಕೂ ಓಡುವ ನನ್ನ ಪ್ಲೇಯರನ್ನೂ ಜೊತೆಗೇ ಕಳಿಸುತ್ತಿದ್ದೇನೆ. ಎಚ್‌ಡಿಎಂಐ ಕೇಬಲ್ ಡಬ್ಬಿಯಲ್ಲೇ ಇದೆ, ಟಿವಿಗೆ ಸಿಕ್ಕಿಸಿದರೆ ಆಯಿತು. ಮಾತು ಜಪಾನಿಯಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಜಪಾನಿಯಲ್ಲೇ ಹಾಕು, ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ. ಕನ್ನಡ ಶಾಲೆಯಿಂದ ಬಂದ ಹುಡುಗನಿಗೆ ಅದನ್ನು ಅಷ್ಟು ಬೇಗ ಓದುವುದು ಕಷ್ಟ. ಅದಕ್ಕೆ ಮೊದಲ ಕೆಲವು ಕಂತು ನೀನೇ ಪಕ್ಕದಲ್ಲಿ ಕೂತು, ನಿಲ್ಲಿಸಿ ನಿಲ್ಲಿಸಿ, ನಿಮ್ಮ ಮಾತಿನಲ್ಲೇ ಹೇಳು. ಮೊಬೈಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಒಬ್ಬನೇ ನೋಡುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಮುಂದೆ ಅವನೇ ಓದಲು ಶುರು ಮಾಡುತ್ತಾನೆ. ಆಗ ನೀನು ಸುಮ್ಮನಾಗು.

ದಿನಕ್ಕೆ ಒಂದು, ತುಂಬಾ ಅಂದರೆ ಎರಡು ಕಂತು ಸಾಕು. ಒಂದೇ ಭಾನುವಾರ ಎಲ್ಲಾ ಮುಗಿಸಬೇಡಿ. ಕೊನೆಯ ಕಂತಿನಲ್ಲಿ ಏನಾಗುತ್ತದೆ ಅಂತ ಅವನು ಮುಂಚೆಯೇ ಕೇಳಿದರೆ ಹೇಳಬೇಡ, ನನಗೆ ಫೋನ್ ಮಾಡಿಸು. ಡಿಸ್ಕು ವಾಪಸ್ ಕೊಡಲು ಅವಸರವಿಲ್ಲ, ದೀಪಾವಳಿಗೆ ಬರುವಾಗ ತಂದರಾಯಿತು. ಅವನನ್ನೂ ಕರೆದುಕೊಂಡು ಬಾ.

ನಿನ್ನ,
ಶ್ರೀಧರ