‘ಸಿ’ ರಿಪೋರ್ಟ್ ಬಂದರೆ ಕೈಚೆಲ್ಲಬೇಡಿ

ಮಾನ್ಯ ಸಂಪಾದಕರೇ,

ತೋಟದ ಕೆರೆಯಲ್ಲಿ ಅಪ್ಪನ ಶವ ಸಿಕ್ಕ ಗಾಬರಿಯಲ್ಲಿ ನಮ್ಮ ಸಕಲೇಶಪುರ ಕಡೆಯ ಮನೆಯವರು ಯುಡಿಆರ್ (ಅಸಹಜ ಸಾವಿನ ವರದಿ) ದೂರಿಗೆ ಓದದೆಯೇ ಸಹಿ ಹಾಕಿಬಿಡುತ್ತಾರೆ. ಅನುಮಾನವಿದ್ದರೆ ಅದು ಆ ದೂರಿನಲ್ಲೇ ಇರಬೇಕು. ಶವಪರೀಕ್ಷೆಯಲ್ಲಿ ತೆಗೆದ ಒಳಾಂಗದ ಮಾದರಿ ಉಪ್ಪಿನ ದ್ರಾವಣದಲ್ಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗಬೇಕು. ಫಾರ್ಮಲಿನ್ ಹಾಕಿದರೆ ವಿಷದ ಪರೀಕ್ಷೆಯೇ ಕೆಡುತ್ತದೆ.

ಕೊಲೆ ಪ್ರಕರಣದಲ್ಲಿ ಪೊಲೀಸರು ‘ಸಿ’ ರಿಪೋರ್ಟ್ ಹಾಕಿದರೆ, ಆರೋಪಿ ಪತ್ತೆಯಾಗಿಲ್ಲ ಎಂದಷ್ಟೇ ಅರ್ಥ. ದೂರುದಾರರಿಗೆ ನೋಟಿಸ್ ಕೊಡದೆ ನ್ಯಾಯಾಲಯ ಪ್ರಕರಣ ಮುಗಿಸುವಂತಿಲ್ಲ. ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆಗ ತಕರಾರು ಅರ್ಜಿ ಹಾಕಿ, ಯಾವ ಸಾಕ್ಷಿಯನ್ನು ವಿಚಾರಿಸಿಲ್ಲ, ಯಾವ ಫೋನ್ ಕರೆಯ ವಿವರ ತರಿಸಿಲ್ಲ ಎಂದು ಬಿಡಿಬಿಡಿಯಾಗಿ ತೋರಿಸಿ ಹೆಚ್ಚಿನ ತನಿಖೆ ಕೇಳಬೇಕು. ‘ನ್ಯಾಯ ಕೊಡಿಸಿ’ ಎಂದಷ್ಟೇ ಬರೆದ ಅರ್ಜಿ ನಿಲ್ಲುವುದು ಕಷ್ಟ. ಕೊಲೆಗೆ ಕಾಲಮಿತಿಯಿಲ್ಲ, ನಿಜ. ಕರೆ ವಿವರ ಮಾತ್ರ ಬಹಳ ವರ್ಷ ಉಳಿಯದು.

– ಕೆಲವು ವಕೀಲರು, ಹಾಸನ