ನೀರಿನ ಲೆಕ್ಕ ಗಡಿ ದಾಟುತ್ತದೆ, ಆಯಿಯ ಪಗಾರ ದಾಟುವುದಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಪೇಪರ್ ಕೈಗೆ ಬಂದ ಕೂಡಲೇ ನಾನು ನೋಡುವುದು ಮೂಲೆಯ ಆ ಚಿಕ್ಕ ಬಾಕ್ಸ್. ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯುಸೆಕ್ ಬಿಟ್ಟರು, ಕೊಯ್ನಾದಲ್ಲಿ ಎಷ್ಟು ಮಳೆ, ಆಲಮಟ್ಟಿಗೆ ಒಳಹರಿವು ಎಷ್ಟು, 519.60 ಮೀಟರ್ ತುಂಬಲು ಇನ್ನೆಷ್ಟು ಬಾಕಿ. 2019ರ ಮಹಾಪೂರ ಕಂಡವರಿಗೆ ಆ ಅಂಕಿಯ ಬೆಲೆ ಗೊತ್ತು. ಮಹಾರಾಷ್ಟ್ರದವರು ನೀರು ಬಿಡುವ ಮೊದಲು ನಮ್ಮವರಿಗೆ ಹೇಳುತ್ತಾರೆ, ನಮ್ಮವರು ಗೇಟ್ ಎತ್ತುತ್ತಾರೆ. ಆದರೆ ದೀಪಾವಳಿ ಮುಗಿಯುತ್ತಿದ್ದ ಹಾಗೆ ಅದೇ ಗಡಿಯನ್ನು ಕಬ್ಬು ಕಡಿಯಲು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕೂತು ದಾಟುವ ನಮ್ಮ ಜನ ಎಷ್ಟು? ಆ ಅಂಕಿ ಯಾವ ಬಾಕ್ಸಿನಲ್ಲೂ ಬರುವುದಿಲ್ಲ.

ನನ್ನದು ವಿಜಯಪುರದಲ್ಲಿ ಒಂದು ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಯನ್ನೂ ಹಾಕಿಕೊಡುತ್ತೇನೆ. ಯುಗಾದಿ ಆಗಿ ನಾಲ್ಕು ದಿನಕ್ಕೆ ಒಬ್ಬ ಆಯಿ, ಅಂದರೆ ಅಜ್ಜಿ, ಬಂದರು. ಎಲೆ ಅಡಿಕೆ ಸಂಚಿಯಿಂದ ಪ್ಲಾಸ್ಟಿಕ್ ಸುತ್ತಿದ ಪಾಸ್‌ಬುಕ್ ತೆಗೆದು ಮುಂದಿಟ್ಟರು. 'ತಮ್ಮಾ, ನನ್ನ ಪಗಾರ ಯಾಕ ನಿಂತೈತಿ ನೋಡಪಾ.' ನಮ್ಮ ಕಡೆ ವೃದ್ಧಾಪ್ಯ ವೇತನಕ್ಕೆ ಪಗಾರ ಅಂತಲೇ ಅನ್ನುತ್ತಾರೆ. ಜೀವಮಾನವೆಲ್ಲ ದುಡಿದವರಿಗೆ ಬರುವ ರೊಕ್ಕ ಪಗಾರ ಅಲ್ಲದೆ ಇನ್ನೇನು?

ಕೊನೆಯ ಜಮಾ ಡಿಸೆಂಬರ್‌ನದು. ಆಮೇಲೆ ಖಾಲಿ. ಕೇಳುತ್ತಾ ಹೋದಾಗ ವಿಷಯ ಬಿಚ್ಚಿಕೊಂಡಿತು. ಮಗ, ಸೊಸೆ ಕೊಲ್ಹಾಪುರ ಕಡೆ ಕಬ್ಬು ಕಡಿಯಲು ಹೋಗುವಾಗ ಆಯಿಯೂ ಹೋಗಿದ್ದರು. ಕಡಿಯಲು ಅಲ್ಲ, ಕೂಸು ಹಿಡಿಯಲು. ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ ಮುಕಾದಮನ ಲೆಕ್ಕದಲ್ಲಿ ಒಂದು ಕೊಯ್ತಾ ಅಂದರೆ ಗಂಡ ಹೆಂಡತಿ ಒಂದು ಜೋಡಿ. ಅಡ್ವಾನ್ಸ್ ಕೊಡುವುದೂ ಜೋಡಿಗೇ. ಇಬ್ಬರೂ ನಸುಕಿನಲ್ಲಿ ಗದ್ದೆಗೆ ಇಳಿದರೆ ಗುಡಿಸಲಲ್ಲಿ ಮಕ್ಕಳನ್ನು ನೋಡುವವರು ಯಾರು? ಹಾಗಾಗಿ ಕಬ್ಬು ಕಡಿಯುವವರ ಪ್ರತಿ ಗುಂಪಿನ, ಅಂದರೆ ಟೋಳಿಯ ಜೊತೆ ಇಂಥ ಒಬ್ಬಿಬ್ಬರು ಆಯಿಯರು ಇದ್ದೇ ಇರುತ್ತಾರೆ. ಇವರಿಗೆ ಅಡ್ವಾನ್ಸೂ ಇಲ್ಲ, ಕೂಲಿಯೂ ಇಲ್ಲ.

ಅವರು ಅಲ್ಲಿದ್ದಾಗ ಇಲ್ಲಿ ಪರಿಶೀಲನೆ ಬಂದಿದೆ. ಬಾಗಿಲಿಗೆ ಕೀಲಿ. ಪಕ್ಕದ ಮನೆಯವರು 'ಊರಾಗಿಲ್ಲ' ಅಂದಿದ್ದಾರೆ. ಕಾಗದದಲ್ಲಿ 'ವಿಳಾಸದಲ್ಲಿ ವಾಸವಿಲ್ಲ' ಅಂತ ಆಯಿತು. ಪಗಾರ ನಿಂತಿತು. ಬಂದು ನೋಡಿದವರನ್ನು ನಾನು ಬೈಯುವುದಿಲ್ಲ. ಅವರ ಮುಂದಿದ್ದ ಫಾರ್ಮಿನಲ್ಲಿ 'ಕಬ್ಬಿನ ಸೀಸನ್‌ಗೆ ಹೋಗಿದ್ದಾರೆ, ಯುಗಾದಿಗೆ ಬರುತ್ತಾರೆ' ಅಂತ ಬರೆಯಲು ಜಾಗವೇ ಇಲ್ಲ.

ರೇಷನ್ ಕಥೆ ಸ್ವಲ್ಪ ವಾಸಿ. ಒಂದು ದೇಶ ಒಂದು ಪಡಿತರ ಚೀಟಿ ಬಂದಿದೆ, ಕರ್ನಾಟಕ 2020ರ ಜನವರಿಯಲ್ಲೇ ಅದಕ್ಕೆ ಸೇರಿದೆ. ಆಯಿಯ ಮಗ ಅಲ್ಲಿಯ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಷಿನ್ ಒಪ್ಪಲಿಲ್ಲವಂತೆ. ಕಬ್ಬಿನ ರವದಿ ಕೊಯ್ದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಸೊಸೆಯ ಬೆರಳು ಮೂರನೇ ಸಲಕ್ಕೆ ಹತ್ತಿತು. ಕೇಂದ್ರದ ಪಾಲಿನ ಅಕ್ಕಿ, ತಲೆಗೆ 5 ಕೆಜಿ, ಸಿಕ್ಕಿತು. ರಾಜ್ಯ ತನ್ನ ಕಡೆಯಿಂದ ಕೊಡುವ ಹೆಚ್ಚಿನದು ಗಡಿ ದಾಟುವುದಿಲ್ಲ. ಇರಲಿ, ಹೊಟ್ಟೆಗಾದರೂ ಗಡಿ ತೆರೆಯಿತಲ್ಲ. ರೇಷನ್‌ಗೆ ಸಾಧ್ಯವಾದದ್ದು ಪಗಾರಕ್ಕೆ ಯಾಕೆ ಆಗಬಾರದು ಅನ್ನುವುದೇ ನನ್ನ ಪ್ರಶ್ನೆ.

ನನ್ನ ಓದೆಲ್ಲ ಝೆರಾಕ್ಸ್ ಮಷಿನ್ ಮೇಲೆ ಆದದ್ದು. ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ನೋಟ್ಸ್ ತರುತ್ತಾರೆ. ಗಿರಾಕಿ ಇಲ್ಲದಾಗ ಒಂದು ಪ್ರತಿ ಜಾಸ್ತಿ ತೆಗೆದು ಓದುತ್ತೇನೆ. (ಅವರಿಗೆ ಹೇಳಿಯೇ ತೆಗೆಯುತ್ತೇನೆ, ತಪ್ಪು ತಿಳಿಯಬೇಡಿ.) ಹಾಗೆ ಓದಿದ್ದರಲ್ಲಿ ಒಂದು ವಿಷಯ ತಲೆಯಲ್ಲಿ ಕೂತಿದೆ. ಬಡವರಿಗೆ, ಮುದುಕರಿಗೆ ಹಣ ಮುಟ್ಟಿಸುವುದನ್ನು ಬಡ ದೇಶಗಳು ಶ್ರೀಮಂತ ದೇಶಗಳಿಂದ ಕಲಿತದ್ದಕ್ಕಿಂತ ಜಾಸ್ತಿ ಒಂದರಿಂದ ಇನ್ನೊಂದು ಕಲಿತಿವೆ. ಘಾನಾ ದೇಶ 2008ರಲ್ಲಿ ಬಡವರಿಗೆ ನೇರ ಹಣ ಕೊಡುವ ಯೋಜನೆ ಶುರು ಮಾಡಿದಾಗ ಸಲಹೆ ಪಡೆದದ್ದು ಬ್ರೆಜಿಲ್‌ನಿಂದ. ಬ್ರೆಜಿಲ್‌ನವರು 2003ರಿಂದ 'ಬೋಲ್ಸಾ ಫಮೀಲಿಯಾ' ನಡೆಸಿ ಕೈ ಸುಟ್ಟುಕೊಂಡು ಕಲಿತವರು. ನೇಪಾಳ 1995ರಲ್ಲಿ 75 ದಾಟಿದವರಿಗೆ ತಿಂಗಳಿಗೆ 100 ರೂಪಾಯಿ ಕೊಡಲು ಶುರು ಮಾಡಿತು. 2021ರಲ್ಲಿ ಅದು 4,000 ಆಯಿತು. ಅವರ ದುಡ್ಡು ನಮ್ಮದಕ್ಕಿಂತ ಸಣ್ಣದು, ಆದರೂ ನಮ್ಮ ಲೆಕ್ಕದಲ್ಲಿ 2,500 ಆಗುತ್ತದೆ. ಅಷ್ಟೊತ್ತಿಗೆ 70ಕ್ಕೆ ಇಳಿದಿದ್ದ ವಯಸ್ಸನ್ನೂ 2022ರಲ್ಲಿ 68ಕ್ಕೆ ಇಳಿಸಿದರು. ನಮ್ಮಲ್ಲಿ 80ರ ಒಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200. 2007ರಿಂದ ಅದು ಅಲ್ಲೇ ಕೂತಿದೆ. ರಾಜ್ಯ ತನ್ನದು ಸೇರಿಸಿ 1,200 ಮಾಡಿದ್ದಕ್ಕೆ ಆಯಿಯ ಸಂಚಿಯಲ್ಲಿ ಏನಾದರೂ ಇತ್ತು.

ಗಡಿಯ ವಿಷಯಕ್ಕೆ ಬಂದರೆ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ 1997ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಒಂದು ದೇಶದಲ್ಲಿ ದುಡಿದ ವರ್ಷಗಳನ್ನು ಇನ್ನೊಂದು ದೇಶದ ಪಿಂಚಣಿ ಲೆಕ್ಕಕ್ಕೆ ಕೂಡಿಸಬಹುದು. ಜಾರಿಗೆ ಬರಲು 2005 ಆಯಿತು, ಎಂಟು ವರ್ಷ. ಅದು ವಂತಿಗೆ ಕಟ್ಟುವ ನೌಕರರಿಗೆ ಇರುವುದು, ಕಬ್ಬು ಕಡಿಯುವವರಿಗೆ ಹಾಗೇ ಹೊಂದುವುದಿಲ್ಲ. ಆದರೆ ನಾಲ್ಕು ಬೇರೆ ಬೇರೆ ದೇಶಗಳು ಒಂದು ಮೇಜಿಗೆ ಕೂತವು. ನಮ್ಮದು ಒಂದೇ ದೇಶದ ಎರಡು ರಾಜ್ಯ. ಒಂದೇ ಆಧಾರ್ ನಂಬರ್.

ಕೂರದೇ ಇದ್ದರೆ ಏನಾಗುತ್ತದೆ ಅಂತ ನೋಡಲು ದಕ್ಷಿಣ ಆಫ್ರಿಕಾ ಇದೆ. ಅಲ್ಲಿಯ ಚಿನ್ನದ ಗಣಿಗಳಿಗೆ ಲೆಸೋತೊ, ಮೊಜಾಂಬಿಕ್‌ನಿಂದ ತಲೆಮಾರುಗಟ್ಟಲೆ ಗಂಡಸರು ಗುಳೆ ಹೋದರು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಹಾಳಾಗಿ ಊರಿಗೆ ವಾಪಸ್ ಬಂದರು. ಕೊನೆಗೆ 2019ರಲ್ಲಿ ಜೊಹಾನ್ಸ್‌ಬರ್ಗ್‌ನ ಹೈಕೋರ್ಟ್ ಗಣಿ ಕಂಪನಿಗಳ ಪರಿಹಾರ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅದಾದ ಮೇಲೆ ಜನರನ್ನು ಹುಡುಕುವ ಕೆಲಸ. ಯಾವ ದೇಶ, ಯಾವ ಹಳ್ಳಿ, ಬದುಕಿದ್ದಾನೋ ಇಲ್ಲವೋ. ದುಡಿಸಿಕೊಳ್ಳುವಾಗ ಸಿಕ್ಕ ವಿಳಾಸ ರೊಕ್ಕ ಕೊಡುವಾಗ ಸಿಗುವುದಿಲ್ಲ.

ನಮ್ಮ ನೆರೆಯವರಿಂದ ನಾವು ಕಲಿತಿಲ್ಲ ಅಂತಲೂ ಅಲ್ಲ. ನಮ್ಮ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾರಲು ಹೋಗುವ ತಾಸಗಾಂವ ಇದೆಯಲ್ಲ, ಸಾಂಗ್ಲಿ ಜಿಲ್ಲೆಯದು, ಅಲ್ಲೇ 1965ರಲ್ಲಿ ಮಹಾರಾಷ್ಟ್ರದ ನಾಯಕ ವಿ.ಎಸ್. ಪಾಗೆ ಅವರ ಯೋಚನೆಯಂತೆ ಕೇಳಿದವರಿಗೆ ಕೆಲಸ ಕೊಡುವ ಪ್ರಯೋಗ ನಡೆಯಿತು. 1972ರ ಬರದಲ್ಲಿ ಅದು ಇಡೀ ಮಹಾರಾಷ್ಟ್ರಕ್ಕೆ ಹಬ್ಬಿತು, 1977ರಲ್ಲಿ ಕಾಯ್ದೆ ಆಯಿತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಬೇರು ಅಲ್ಲಿದೆ. ಇಲ್ಲಿಂದ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರಿನ ಕಲ್ಪನೆ ದೆಹಲಿ ಸುತ್ತಿ ನಮ್ಮೂರಿಗೆ ಬರಲು 40 ವರ್ಷ ಹಿಡಿಯಿತು. ಸೀದಾ ಬರಬಹುದಿತ್ತು, ಅಲ್ವಾ?

ಎರಡೂ ಕಡೆ ಜನ ಹೋಗಿ ಬರುತ್ತಾರೆ ಅನ್ನುವುದನ್ನೂ ಮರೆಯಬಾರದು. ನಮ್ಮವರು ಕೊಲ್ಹಾಪುರ, ಸಾಂಗ್ಲಿಗೆ ಹೋದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯವರು ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಗೆ ಬರುತ್ತಾರೆ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗಾಗಿ ಗೋಪಿನಾಥ ಮುಂಡೆ ಹೆಸರಿನ ನಿಗಮ ಇದೆ. ಕಾರ್ಖಾನೆಗಳು ಟನ್ನಿಗೆ 10 ರೂಪಾಯಿ, ಸರ್ಕಾರವೂ ಅಷ್ಟೇ, ಅನ್ನುವ ಲೆಕ್ಕದ ಮೇಲೆ ಕಟ್ಟಿದ್ದು. ಆ ಟನ್ನುಗಳಲ್ಲಿ ನಮ್ಮ ಇಂಡಿ, ಸಿಂದಗಿ ಕಡೆಯವರು ಕಡಿದ ಕಬ್ಬೂ ಇದೆ. ಹಾಗೆಯೇ ನಮ್ಮ ಕಾರ್ಖಾನೆಗಳ ಸಕ್ಕರೆಯಲ್ಲಿ ಬೀಡಿನವರ ಬೆವರು ಇದೆ. ಅವರ ಹಣ ಅವರವರಿಗೆ, ನಮ್ಮದು ನಮ್ಮವರಿಗೆ ಅಂತ ಕೂತರೆ ಎರಡೂ ಕಡೆಯವರು ಸೀಸನ್ ಇಡೀ ಯಾರವರೂ ಅಲ್ಲ.

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆಯುವುದೂ ಕಬ್ಬಿನ ಸೀಸನ್‌ನಲ್ಲೇ. ಆ ಹೊತ್ತಿಗೆ ಗಡಿ ಅಂದರೆ ಏನು ಸುದ್ದಿ? ಬಸ್‌ಗೆ ಮಸಿ, ಬೋರ್ಡಿಗೆ ಮಸಿ, ಮಹಾಜನ ವರದಿ. ಸುವರ್ಣ ಸೌಧದ ಮುಂದಿನ ಹೆದ್ದಾರಿಯಲ್ಲೇ ಕೊಲ್ಹಾಪುರಕ್ಕೆ ಟೋಳಿಗಳ ಗಾಡಿ ಹೋಗುತ್ತವೆ. ಒಳಗಿನವರು ಯಾರಾದರೂ ಹೊರಗೆ ಬಂದು ಚಹಾ ಕುಡಿಯುತ್ತಾ ನಿಂತರೂ ಕಾಣಿಸುತ್ತವೆ.

ಸಂಶೋಧನೆಯ ವಿಷಯದಲ್ಲೂ ಇದೇ ಹಣೆಬರಹ. ಗುಳೆಯ ಮೇಲೆ ಬರೆದ ನಾಲ್ಕೈದು ಪ್ರಬಂಧಗಳಿಗೆ ನಾನೇ ಬೈಂಡಿಂಗ್ ಹಾಕಿದ್ದೇನೆ. ರೆಕ್ಸಿನ್ ರಟ್ಟು, ಬಂಗಾರದ ಅಕ್ಷರ. ಪಾಪ, ಹುಡುಗಿಯರು ತಾಂಡಾ ತಾಂಡಾ ಅಡ್ಡಾಡಿ ಬರೆದಿದ್ದಾರೆ. ಆದರೆ ನಾನು ನೋಡಿದ ಎಲ್ಲದರಲ್ಲೂ ಟ್ರ್ಯಾಕ್ಟರ್ ಊರು ಬಿಟ್ಟಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಆಮೇಲಿನ ಐದಾರು ತಿಂಗಳು ಕಾಣೆ. ಒಬ್ಬಳೇ ಹುಡುಗಿ, ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ, ಮರಾಠಿ ಓದಲು ಬರುವುದಿಲ್ಲ, ಅವಳು ಕೊಲ್ಹಾಪುರದ ಗದ್ದೆಗೆ ಹೋಗಿ ಬರೆ ಅಂದರೆ ಹೇಗೆ ಬರೆದಾಳು? ಇಲ್ಲಿ ಅಕ್ಕಮಹಾದೇವಿ ವಿಶ್ವವಿದ್ಯಾಲಯ ಇದೆ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ, ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ. ಮೂವರೂ ಸೇರಿ ಒಂದೇ ಪ್ರಶ್ನೆಪಟ್ಟಿ ಹಿಡಿದು, ಒಂದೇ ಟೋಳಿಯನ್ನು ಇಲ್ಲಿ ಒಮ್ಮೆ, ಅಲ್ಲಿ ಒಮ್ಮೆ ಮಾತಾಡಿಸಿದರೆ ಸಾಕು. ಹೆಸರುಗಳಿಗೆ ಅಲೆಯಬೇಕಿಲ್ಲ. ಯಾವ ಗಾಡಿ, ಯಾವ ಮುಕಾದಮನದು, ಎಷ್ಟು ಟನ್ ಅಂತ ಕಾರ್ಖಾನೆಯ ತೂಕದ ಚೀಟಿಯಲ್ಲಿ ಇರುತ್ತದೆ. ಮುಕಾದಮನ ಡೈರಿಯಲ್ಲಿ ಪ್ರತಿ ಜೋಡಿಯ ಹೆಸರು, ಅಡ್ವಾನ್ಸ್ ಸಮೇತ ಇರುತ್ತದೆ. ಸಾಲದ ಲೆಕ್ಕ ಯಾರೂ ತಪ್ಪಿಸುವುದಿಲ್ಲ ನೋಡಿ.

ಅದರ ಮೇಲೆ ಎರಡೂ ರಾಜ್ಯದ ಅಧಿಕಾರಿಗಳು ದಸರಾ ಹೊತ್ತಿಗೆ ಒಂದು ಪಟ್ಟಿ ಬದಲಾಯಿಸಿಕೊಳ್ಳಲಿ. ಪಟ್ಟಿಯಲ್ಲಿರುವವರು ಬಾಗಿಲಲ್ಲಿ ಸಿಗದಿದ್ದರೆ ಪಗಾರ ನಿಲ್ಲಿಸುವ ಮೊದಲು ಯುಗಾದಿವರೆಗೆ ತಡೆಯಲಿ, ಇಲ್ಲವೇ ಅವರು ಬೀಡು ಬಿಟ್ಟ ಊರಿನಲ್ಲೇ ಒಂದು ಸಹಿ, ಒಂದು ಫೋಟೋ ತೆಗೆಸಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಹಣವೂ ಅಷ್ಟೇನು ಬೇಡ.

ಆಯಿಯ ಅರ್ಜಿ ಮತ್ತೆ ಹಾಕಿದ್ದೇವೆ. ಎರಡು ಸಲ ಬಂದು ಕೇಳಿ ಹೋದರು. ಈ ಸಲ ಬಂದಾಗ 'ದೀಪಾವಳಿಗೆ ಮತ್ತ ಹೋಗೂದೈತಿ, ಅಷ್ಟರಾಗ ಆಗತೈತೇನಪಾ' ಅಂದರು. ಹೋಗಬೇಡಿ ಅಂತ ನಾನು ಹೇಳಲಿಲ್ಲ. ಸೊಸೆಗೆ ಇನ್ನೊಂದು ಕೂಸಾಗಿದೆಯಂತೆ.

ಸಂಪಾದಕರೇ, ನಿಮ್ಮ ಆ ನೀರಿನ ಬಾಕ್ಸ್ ಅಕ್ಟೋಬರ್ ಆದ ಮೇಲೆ ಬರುವುದಿಲ್ಲ, ಜಾಗ ಖಾಲಿ ಇರುತ್ತದೆ. ನವೆಂಬರ್‌ನಲ್ಲಿ ನಿಮ್ಮ ಒಬ್ಬ ವರದಿಗಾರರನ್ನು ಒಂದು ವಾರ ಗಡಿಯ ಚೆಕ್‌ಪೋಸ್ಟ್‌ನಲ್ಲಿ ಕೂರಿಸಿ. ದಿನಕ್ಕೆ ಎಷ್ಟು ಗಾಡಿ, ಎಷ್ಟು ಜೋಡಿ, ಎಷ್ಟು ಮಕ್ಕಳು, ಎಷ್ಟು ಮುದುಕರು ಅಂತ ಅದೇ ಅಳತೆಯಲ್ಲಿ, ಅದೇ ಮೂಲೆಯಲ್ಲಿ ಹಾಕಿ.

ಇತಿ,
ಒಬ್ಬ ಝೆರಾಕ್ಸ್ ಅಂಗಡಿಯವ
ವಿಜಯಪುರ